ಆಲಿಸ್ ಬಿಡಿಸಿದ ಕಡಲಿಗೊಂದು ಗೋಡೆ

ಸಿರಿಲ್: ಅಲ್ಲಿ ಬೇಡ, ಬೇಡ! ಸುತ್ತಿಗೆ ಇಳಿಸು ರಾಮಲಿಂಗ. ಕಿಟಕಿಯ ಎದುರು ಹಾಕಿದರೆ ಬಿಸಿಲಿಗೆ ಬಣ್ಣ ಎಲ್ಲ ಹೋಗ್ತದೆ.

ಆಲಿಸ್: ಎಂತ ಬಿಸಿಲು? ಜೂನ್ ತಿಂಗಳಲ್ಲಿ ನಮ್ಮ ಶಿರ್ವದಲ್ಲಿ ಬಿಸಿಲು ಕಂಡವರು ಯಾರು ಮಾರಾಯ್ರೆ?

ಸಿರಿಲ್ ಕುವೈತಿನ ಕೆಲಸ ಬಿಟ್ಟು ಬಂದು ಕಟ್ಟಿಸಿದ ಮನೆಗೆ ಇದು ಮೊದಲ ಮಳೆಗಾಲ. ಹೆಂಡತಿ ಆಲಿಸ್ ಮದುವೆಗೆ ಮುಂಚೆ ಬಿಡಿಸಿದ್ದ ಕಾಪು ಕಡಲಿನ ಚಿತ್ರಕ್ಕೆ ಕೊನೆಗೂ ಗಾಜು, ಚೌಕಟ್ಟು ಬಂದಿತ್ತು. ಬಾದಾಮಿ ಕಡೆಯ ಗಾರೆ ಕೆಲಸದ ರಾಮಲಿಂಗ ಮೊಳೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ.

ರಾಮಲಿಂಗ: ಈ ಕಡಿ ಗ್ವಾಡಿಗೆ ಹೊಡೀಲೇನ್ರಿ?

ಸಿರಿಲ್: ಅದು ಮಳೆ ಬಡಿಯುವ ಗೋಡೆ. ಮುಟ್ಟಿ ನೋಡು, ಹಸಿ ಹಸಿ. ಬೂಷ್ಟು ಹಿಡೀತದೆ.

ಆಲಿಸ್: ಊಟದ ಮೇಜಿನ ಹತ್ತಿರ?

ಸಿರಿಲ್: ಮೀನುಸಾರು ಹಾರ್ತದೆ.

ಆಲಿಸ್: ಗೋಡೆಗೆ ಹಾರುವ ಹಾಗೆ ಊಟ ಮಾಡುವವರು ಈ ಮನೆಯಲ್ಲಿ ಒಬ್ಬರೇ.

ರಾಮಲಿಂಗ ಮುಖ ತಿರುಗಿಸಿ ಕೆಮ್ಮಿದ.

ಸಿರಿಲ್: ತಮಾಷೆ ಅಲ್ಲ. ಬೆಡ್‌ಶೀಟಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಕಪಾಟಿನಲ್ಲಿ ಇಡುವ. ಎಂತದೂ ಆಗುವುದಿಲ್ಲ.

ಆಲಿಸ್: ಇಷ್ಟು ವರ್ಷ ಪೆಟ್ಟಿಗೆಯಲ್ಲೇ ಇತ್ತಲ್ಲ, ಎಂತದೂ ಆಗಲಿಲ್ಲ. ಯಾರೂ ನೋಡಲೂ ಇಲ್ಲ.

ಅವಳ ದನಿ ತುಸು ಇಳಿದಿತ್ತು. ಸಿರಿಲ್ ಕನ್ನಡಕ ತೆಗೆದು ಒರೆಸತೊಡಗಿದ.

ಸಿರಿಲ್: ನಾನು ನೋಡಿದ್ದೇನಲ್ಲ! ಅದಕ್ಕೇ ಅಲ್ವಾ ಹೆದರಿಕೆ? ಹಾಳಾದರೆ ಇಂಥದ್ದು ಇನ್ನೊಂದು ಎಲ್ಲಿಂದ ತರುವುದು?

ಆಲಿಸ್: ಹಾಗಾದರೆ ಬಿಸಿಲು ಬೀಳದ, ನೀರು ಇಳಿಯದ, ಸಾರು ಹಾರದ ಗೋಡೆ ಒಂದು ಉಂಟು.

ಸಿರಿಲ್: ಎಲ್ಲಿ?

ಆಲಿಸ್: ನಿಮ್ಮ ಬೆನ್ನ ಹಿಂದೆ.

ಸಿರಿಲ್ ತಿರುಗಿದ. ಹಾಲ್‌ನ ನಡುಗೋಡೆಯ ಮೇಲೆ ಕೋಟು, ಟೈ ತೊಟ್ಟ ಅವನದೇ ದೊಡ್ಡ ಫೋಟೋ ನಗುತ್ತಿತ್ತು.

ಸಿರಿಲ್: ಅಲ್ಲಿ... ನಾನಿದ್ದೇನಲ್ಲ?

ರಾಮಲಿಂಗ: ಚಲೋನ ಆತ್ರಿ. ಮೊಳಿ ಮೊದಲ ಐತಿ.

ಸಿರಿಲ್: ನನಗೆ ಬೂಷ್ಟು ಹಿಡಿದರೆ?

ಆಲಿಸ್: ನಿಮ್ಮದು ನೆಗೆಟಿವ್ ಉಂಟು. ಇನ್ನೊಂದು ಪ್ರಿಂಟ್ ಹಾಕಿಸುವ.

ಸಿರಿಲ್ ರಾಮಲಿಂಗನನ್ನು ಇಳಿಸಿ ತಾನೇ ಸ್ಟೂಲು ಹತ್ತಿ ಫೋಟೋ ತೆಗೆದ. ಕಾಪುವಿನ ಕಡಲು ಆ ಜಾಗಕ್ಕೆ ಏರಿತು.

ರಾಮಲಿಂಗ: ಭಾಳ ಚಂದ ಕಾಣತೈತ್ರಿ ಅಕ್ಕಾರ.

ಸಿರಿಲ್ (ಫೋಟೋ ಅಪ್ಪಿಕೊಂಡು): ಚಂದ ಉಂಟು, ಒಪ್ಪಿದೆ. ಈಗ ನಾನು ಎಲ್ಲಿಗೆ ಹೋಗುವುದು?

ಆಲಿಸ್ (ಚಿತ್ರದಿಂದ ಕಣ್ಣು ಕೀಳದೆ): ಅಡುಗೆಮನೆಗೆ. ಕಾಯಿ ತುರಿಯಲಿಕ್ಕುಂಟು.