ಕೆಡಲೊಲ್ಲದ ದೋಣಿ

ಕ್ರಿಸ್‌ಮಸ್ ಊಟದಲ್ಲಿ ಎರಡನೇ ಸಲ ಬಡಿಸಿಕೊಂಡ ಕುರಿಮಾಂಸ ಹೊಟ್ಟೆಗಿಳಿದು ಮನಸ್ಸು ಉದಾರವಾಗಿದ್ದ ಹೊತ್ತಿನಲ್ಲಿ ಕ್ಲೈವ್ ತನ್ನ ಅತ್ತೆಗೆ ಒಂದು ಮಾತು ಕೊಟ್ಟುಬಿಟ್ಟ. "ಫೆಬ್ರವರೀಲಿ ನಿಮಗೆ ಎಂಬತ್ತು ತುಂಬತ್ತಲ್ಲ, ಅವತ್ತು ನಿಮ್ಮನ್ನ ಜೆಟ್ ದೋಣೀಲಿ ಕೂರಿಸ್ಕೊಂಡು ರಕಾಯಾ ನದಿ ಮೇಲೆ ಕಣಿವೆವರೆಗೂ ಕರ್ಕೊಂಡು ಹೋಗ್ತೀನಿ" ಎಂದ. ಆಗ ಅವನ ಹತ್ತಿರ ಜೆಟ್ ದೋಣಿಯೇ ಇರಲಿಲ್ಲ.

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತ ಮನುಷ್ಯನಿಗೆ ಮಾತು ತಪ್ಪುವುದು ಗೊತ್ತಿಲ್ಲ. ಜನವರಿಯಲ್ಲಿ ಹರಾಜಿಗೆ ಹೋಗಿ ಒಂದು ಹಳೆಯ ದೋಣಿ ಹಿಡಿದುಕೊಂಡು ಬಂದ. ಯಾವುದೋ ಕಾರಿನಿಂದ ಕಿತ್ತು ಕೂರಿಸಿದ ಎಂಟು ಸಿಲಿಂಡರಿನ ಇಂಜಿನ್. ದೋಣಿ ತನ್ನ ಹೊಟ್ಟೆಯ ಜಾಲರಿಯಿಂದ ನೀರು ಹೀರಿ ಹಿಂದಿನಿಂದ ಉಗಿಯುತ್ತ, ಪಾದ ಮುಳುಗುವಷ್ಟು ನೀರಿದ್ದರೂ ಸಾಕು, ಕಲ್ಲುದಿಬ್ಬಗಳ ನಡುವೆ ಹಾರಿಕೊಂಡು ಹೋಗುತ್ತದೆ. ಮಾರಿದವನು ಕ್ಲೈವನನ್ನು ಕೂರಿಸಿಕೊಂಡು ಒಂದು ಸುತ್ತು ತೋರಿಸಿದ. "ಒಂದೇ ಒಂದು ವಿಷಯ ನೆನಪಿಟ್ಕೋ. ಭಯ ಆಯ್ತು ಅಂತ ವೇಗ ಇಳಿಸ್ಬೇಡ. ನೀರು ಉಗಿಯೋದು ನಿಂತ್ರೆ ಸ್ಟೀರಿಂಗ್ ಕೆಲಸ ಮಾಡಲ್ಲ. ಭಯ ಆದಾಗ ಇನ್ನೂ ಜೋರಾಗಿ ಬಿಡ್ಬೇಕು" ಎಂದ.

ಕ್ಲೈವ್ ಅಂದು ಮನೆಗೆ ಬಂದವನೇ ಹಾಸಿಗೆ ಹಿಡಿದ. ಭಯವಾದಾಗ ಇನ್ನೂ ಜೋರಾಗಿ ಓಡಬೇಕೆನ್ನುವ ಗಾಡಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಈಗ ಅತ್ತೆಯ ಹುಟ್ಟುಹಬ್ಬದ ಶನಿವಾರ ಬಂದೇಬಿಟ್ಟಿತ್ತು. ಅತ್ತೆ ಮೂರು ಗಂಟೆಗೆ ಬರುವವರಿದ್ದರು. ಕ್ಲೈವ್ ರಾತ್ರಿಯೆಲ್ಲ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದಿದ್ದ. ದೋಣಿ ಕೆಟ್ಟರೆ ಯಾರೂ ಅಳಿಯನನ್ನು ಬೈಯುವುದಿಲ್ಲ, ಅಯ್ಯೋ ಪಾಪ ಎನ್ನುತ್ತಾರೆ. ಅಳಿಯ ಹೆದರಿದನೆಂದು ಗೊತ್ತಾದರೆ ಅವನು ಸತ್ತ ಮೇಲೂ ಆಡಿಕೊಳ್ಳುತ್ತಾರೆ. ಆದ್ದರಿಂದ ದೋಣಿ ಕೆಡಬೇಕು.

ಬೆಳಿಗ್ಗೆ ಎಂಟಕ್ಕೆ ಇಂಜಿನ್ನಿನ ಮುಚ್ಚಳ ಎತ್ತಿ, ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲಿನಿಂದ ದಪ್ಪನೆಯ ವಯರನ್ನು ಎಳೆದು ಸಡಿಲ ಮಾಡಿದ. ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿತೇ ಹೊರತು ಏಳಲಿಲ್ಲ. ಹೆಂಡತಿ ನೊಯೆಲೀನಳಿಗೆ ಕೇಳುವಂತೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟ.

ಇಲ್ಲೇ ಅವನು ಲೆಕ್ಕ ತಪ್ಪಿದ್ದು. ನದೀಮುಖದ ಆ ನಲವತ್ತು ಮನೆಗಳ ಬೀದಿಯಲ್ಲಿ ಯಾರಾದರೂ ಇಂಜಿನ್ ಮುಚ್ಚಳ ಎತ್ತಿದರೆ, ಬೆಲ್ಲಕ್ಕೆ ಇರುವೆ ಬಂದ ಹಾಗೆ ಗಂಡಸರು ಬರುತ್ತಾರೆ. ನಿಟ್ಟುಸಿರು ಮುಗಿಯುವಷ್ಟರಲ್ಲಿ ಬಲಗಡೆ ಮನೆಯ ಮರ್ವ್ ಬೇಲಿ ದಾಟಿದ್ದ, ಎಡಗಡೆ ಮನೆಯ ಹೇಮಿ ಸ್ಪ್ಯಾನರ್ ಹಿಡಿದು ನಿಂತಿದ್ದ. ನಲವತ್ತು ವರ್ಷದಿಂದ ನದಿಯ ಮೇಲೆ ತಾವು ಮಾಡಿದ ಸಾಹಸಗಳನ್ನು ಹೇಳಿ ಹೇಳಿ ಬೀದಿಯನ್ನೆಲ್ಲ ಸುಸ್ತು ಮಾಡಿದ್ದ ಜೋಡಿ ಅದು. ಇಬ್ಬರ ಶೆಡ್ಡಿನಲ್ಲೂ ಒಂದೊಂದು ಜೆಟ್ ದೋಣಿ ಇತ್ತು.

"ಏನಯ್ಯಾ, ಹೊತ್ಕೊಳ್ತಾ ಇಲ್ವಾ?" ಎಂದ ಮರ್ವ್.

"ಇಂಜಿನ್ ಹೋಗಿದೆ ಅನ್ಸುತ್ತೆ. ತಿಂಗಳುಗಟ್ಟಲೆ ಕೆಲಸ" ಎಂದ ಕ್ಲೈವ್ ಭರವಸೆಯಿಂದ.

ಮರ್ವ್ ತಲೆ ಒಳಗೆ ಹಾಕಿ ಎರಡು ನಿಮಿಷದಲ್ಲಿ ಹೊರಗೆ ತೆಗೆದ. "ಇಂಜಿನ್ ಎಲ್ಲೂ ಹೋಗಿಲ್ಲ. ವಯರ್ ಸಡಿಲ. ಆದ್ರೂ ಈ ಕಾಯಿಲ್ ನಂಬೋ ಹಾಗಿಲ್ಲ. ತಾಳು, ನನ್ನ ದೋಣೀದೇ ಬಿಚ್ಕೊಂಡು ಬರ್ತೀನಿ."

"ಬೇಡ ಮರ್ವ್, ನಿನಗ್ಯಾಕೆ ತೊಂದ್ರೆ."

"ಅಕ್ಕಪಕ್ಕದವರು ಅಂತ ಯಾಕಿರ್ತಾರೆ ಮತ್ತೆ?"

ಮರ್ವನ ಕಾಯಿಲ್ ಕೂತ ಮೇಲೆ ಇಂಜಿನ್ ಬೀದಿಯ ಕಿಟಕಿಗಳೆಲ್ಲ ನಡುಗುವಂತೆ ಗರ್ಜಿಸಿತು.

ದೋಣಿಯನ್ನು ಮನೆಗಳ ಹಿಂದೆ ನದಿಗೆ ಸೇರಿಕೊಂಡಿದ್ದ ಕೊಳಕ್ಕೆ ಇಳಿಸಿ ಪರೀಕ್ಷೆ ಮಾಡುವುದೆಂದಾಯಿತು. ಅವರಿಬ್ಬರೂ ಟ್ರ್ಯಾಕ್ಟರ್ ತರಲು ಹೋದಾಗ ಕ್ಲೈವ್ ಅಡುಗೆಮನೆಗೆ ಓಡಿ, ಈರುಳ್ಳಿ ತುಂಬಿದ್ದ ಬಲೆಚೀಲವನ್ನು ಖಾಲಿ ಮಾಡಿ ತಂದು, ನೀರು ಹೀರುವ ಪಂಪಿನ ಮೇಲಿನ ಮುಚ್ಚಳ ತೆಗೆದು ಒಳಗೆ ತುರುಕಿದ. ಪರಿಣಾಮ ಚೆನ್ನಾಗಿಯೇ ಆಯಿತು. ನೀರಿನಲ್ಲಿ ಇಂಜಿನ್ ಕಿವಿ ಹರಿಯುವಂತೆ ಕೂಗಿತು, ದೋಣಿ ಮಾತ್ರ ನಿಂತಲ್ಲೇ ನಿಂತಿತು. ಪಕ್ಕದಲ್ಲಿ ಈಜುತ್ತಿದ್ದ ಬಾತುಕೋಳಿಯೊಂದು ಅದನ್ನು ಆರಾಮವಾಗಿ ಹಿಂದೆ ಹಾಕಿ ಹೋಯಿತು.

"ಛೆ, ಪಂಪೇ ಸವೆದು ಹೋಗಿದೆ" ಎಂದ ಕ್ಲೈವ್ ದುಃಖ ತಂದುಕೊಂಡು.

"ಸವೆದಿದ್ರೆ ಸ್ವಲ್ಪನಾದ್ರೂ ತಳ್ತಿತ್ತು. ಇದು ನೀರೇ ಹೀರ್ತಿಲ್ಲ, ಗಂಟಲಿಗೆ ಏನೋ ಸಿಕ್ಕಿದೆ" ಎಂದು ಹೇಮಿ ಇಂಜಿನ್ ಆರಿಸಿ, ಭುಜದವರೆಗೂ ಕೈ ಒಳಗೆ ಬಿಟ್ಟ. ಚಾಕುವಿನಿಂದ ಕೊಯ್ದು ಕೊಯ್ದು ಕೆಂಪು ಬಲೆಯನ್ನು ಎಳೆದ. ಅದರ ಮೂಲೆಯಲ್ಲಿ ಒಂದು ಈರುಳ್ಳಿ ಉಳಿದುಕೊಂಡಿತ್ತು. ಹೇಮಿ ಅದನ್ನು ತಿರುಗಿಸಿ ನೋಡಿದ.

"ನದೀಲಿ ಏನೇನೋ ಬರುತ್ತಪ್ಪ ಈಗೀಗ."

"ಮೇಲಿನ ಹೊಲಗಳಿಂದ ತೇಲಿ ಬಂದಿರ್ಬೇಕು" ಎಂದ ಕ್ಲೈವ್.

"ಇರ್ಬೇಕು. ನಿನ್ನ ಜಾಲರಿ ಸರಳುಗಳ ಸಂದು ಜಾಸ್ತಿ. ನನ್ನ ದೋಣೀದು ಬಿಚ್ಚಿ ಹಾಕ್ತೀನಿ ಬಿಡು." ಕ್ಲೈವ್ ಬೇಡವೆಂದಷ್ಟೂ ಹೇಮಿಯ ಔದಾರ್ಯ ಉಕ್ಕಿತು. ಒಂದು ಗಂಟೆಯೊಳಗೆ ಜಾಲರಿಯೂ ಕೂತಿತು.

ಗಂಟೆ ಒಂದೂವರೆ. ನೊಯೆಲೀನ್ ಎಲ್ಲರಿಗೂ ಸ್ಯಾಂಡ್‌ವಿಚ್, ಫ್ಲಾಸ್ಕಿನಲ್ಲಿ ಚಹಾ ತಂದಿಟ್ಟಳು. "ಅಮ್ಮ ಈ ವಾರವೆಲ್ಲ ಸರಿಯಾಗಿ ನಿದ್ದೇನೇ ಮಾಡಿಲ್ಲ ಕ್ಲೈವ್. ಚಿಕ್ಕ ಹುಡುಗಿ ಥರ ಆಡ್ತಿದಾರೆ" ಎಂದಳು. ಆದರೂ ಎಲ್ಲರೂ ಆಚೆ ತಿರುಗಿದ್ದಾಗ ಕ್ಲೈವ್ ಅರ್ಧ ಫ್ಲಾಸ್ಕ್ ಚಹಾವನ್ನು ಪೆಟ್ರೋಲ್ ಟ್ಯಾಂಕಿಗೆ ಸುರಿದೇ ಸುರಿದ.

ಈ ಸಲ ಇಂಜಿನ್ ಎರಡು ಸಲ ಬಿಕ್ಕಳಿಸಿ ಪ್ರಾಣ ಬಿಟ್ಟಿತು. ಮರ್ವ್ ಫಿಲ್ಟರ್ ಬಿಚ್ಚಿ, ಅದರ ಗಾಜಿನ ಬಟ್ಟಲನ್ನು ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದ.

"ಪೆಟ್ರೋಲಲ್ಲಿ ನೀರಿದೆ."

"ಹೋಯ್ತಾ ಹಾಗಾದ್ರೆ?" ಎಂದ ಕ್ಲೈವ್.

"ನೀರಲ್ಲಿ ಹಾಲೂ ಇದೆ." ಮರ್ವ್ ಹೇಮಿಯ ಮುಖ ನೋಡಿದ. ಹೇಮಿ ಆಕಾಶ ನೋಡಿದ. "ಹೇಮಿ, ನಿನ್ನ ದೋಣಿ ಟ್ಯಾಂಕನ್ನೇ ಎತ್ಕೊಂಡು ಬಾರೋ. ತುಂಬಿದೆಯಲ್ಲ?"

"ತುಂಬಿ ತುಳುಕ್ತಿದೆ" ಎಂದು ಹೇಮಿ ಓಡಿಯೇಬಿಟ್ಟ.

ಎರಡೂವರೆಗೆ ದೋಣಿ ಕಟ್ಟೆಗೆ ಕಟ್ಟಿದ ಹಗ್ಗವನ್ನು ಜಗ್ಗುತ್ತ ಕುದುರೆಯ ಹಾಗೆ ನಿಂತಿತ್ತು. ಕ್ಲೈವನ ಬತ್ತಳಿಕೆ ಬರಿದಾಗಿತ್ತು. ಇನ್ನು ಮರೆಮಾಚಿ ಫಲವಿಲ್ಲವೆಂದು ಇಬ್ಬರನ್ನೂ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ.

"ನೋಡ್ರಪ್ಪ, ಹೇಳಿಬಿಡ್ತೀನಿ. ನಗೋದಾದ್ರೆ ನಗಿ. ವಯರ್ ಕಿತ್ತಿದ್ದೂ ನಾನೇ, ಬಲೆ ತುರುಕಿದ್ದೂ ನಾನೇ, ಚಹಾ ಹಾಕಿದ್ದೂ ನಾನೇ. ನನಗೆ ಈ ದೋಣಿ ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ನಿಮ್ಮಲ್ಲಿ ಯಾರಾದ್ರೂ ಅತ್ತೇನ ಕರ್ಕೊಂಡು ಹೋಗಿ. ನೀವಾದ್ರೆ ನದೀಲೇ ಹುಟ್ಟಿದವರು."

ಯಾರೂ ನಗಲಿಲ್ಲ. ಮರ್ವ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಗೊತ್ತಿತ್ತು ಕಣಯ್ಯ. ಈರುಳ್ಳಿ ನೋಡಿದಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ರಿಪೇರಿ ಮಾಡಿದ್ರಿ?"

"ನಿಮ್ಮತ್ತೆ ಸೋಮವಾರ ನನಗೆ ಫೋನ್ ಮಾಡಿದ್ರು. 'ನನ್ನ ಅಳಿಯನ ಮೇಲೆ ನಂಬಿಕೆ ಇಲ್ಲ, ಅವನ ದೋಣಿ ಕೈಕೊಟ್ರೆ ನೀನು ಕರ್ಕೊಂಡು ಹೋಗ್ತೀಯಾ' ಅಂದ್ರು. ಇಷ್ಟು ವರ್ಷ ಬೊಗಳೆ ಬಿಟ್ಟು ಇಲ್ಲ ಅನ್ನೋದು ಹೇಗೆ? ಹೂಂ ಅಂದೆ. ನಾನು ಒಂದು ಸಲ ದೋಣೀನ ದಡದ ವಿಲೋ ಮರಕ್ಕೆ ಹತ್ತಿಸಿದ ಮೇಲೆ ಅದನ್ನ ನೀರಿಗೆ ಇಳಿಸಿಲ್ಲ. ಹನ್ನೊಂದು ವರ್ಷ ಆಯ್ತು."

"ನನಗೂ ಫೋನ್ ಬಂತು, ಮರ್ವ್ ಕೈಕೊಟ್ರೆ ಅಂತ" ಎಂದ ಹೇಮಿ ನೆಲ ನೋಡುತ್ತ. "ನನಗೆ ಇಂಜಿನ್ ಅಂದ್ರೆ ಪ್ರಾಣ. ಆ ನೀರಿನ ಸಹವಾಸ ಮಾತ್ರ ಬೇಡ."

ಕ್ಲೈವನಿಗೆ ಆಗ ಅರ್ಥವಾಯಿತು. ಮರ್ವನ ದೋಣಿಯಲ್ಲಿ ಕಾಯಿಲ್ ಇರಲಿಲ್ಲ. ಹೇಮಿಯ ದೋಣಿಯಲ್ಲಿ ಜಾಲರಿಯೂ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ಇಡೀ ಬೀದಿಯಲ್ಲಿ ಓಡುವ ಸ್ಥಿತಿಯಲ್ಲಿ ಇದ್ದದ್ದು ಒಂದೇ ದೋಣಿ.

"ಬೇಜಾರು ಮಾಡ್ಕೋಬೇಡ" ಎಂದು ಮರ್ವ್ ಅವನ ಬೆನ್ನು ತಟ್ಟಿದ. "ನಿನ್ನಷ್ಟೇ ಹೆದರಿದ್ವಿ ನಾವೂ. ನಾವು ಇಬ್ಬರಿದ್ವಿ, ಅಷ್ಟೇ."

ಬೀದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅವರು ಶೆಡ್ಡಿನ ಮುಂದಕ್ಕೆ ಬರುವಷ್ಟರಲ್ಲಿ ಅತ್ತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಟೋಪಿಯ ದಾರ ಗಲ್ಲದ ಕೆಳಗೆ ಬಿಗಿದುಕೊಂಡು, ದೋಣಿಯಲ್ಲಿ ಕೂತೇಬಿಟ್ಟಿದ್ದರು.

"ಕ್ಲೈವ್, ನಿನ್ನ ಬಗ್ಗೆ ತಪ್ಪು ತಿಳ್ಕೊಂಡಿದ್ದೆ. ಬೆಳಿಗ್ಗೆಯಿಂದ ಈ ದೋಣಿಗಾಗಿ ಎಷ್ಟು ಒದ್ದಾಡಿದೀಯ ಅಂತ ನೊಯೆಲೀನ್ ಹೇಳಿದ್ಲು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಕ್ಲೈವ್ ಹತ್ತಿ ಕೂತ. ಮರ್ವ್ ಹಗ್ಗ ಬಿಚ್ಚಿದ, ಹೇಮಿ ಮುಂಭಾಗವನ್ನು ನದಿಯ ಕಡೆ ತಳ್ಳಿಕೊಟ್ಟ. ಹೊತ್ತಿಕೊಳ್ಳದಿರಲಪ್ಪ ದೇವರೇ ಎಂದು ಕಣ್ಣು ಮುಚ್ಚಿ ಕ್ಲೈವ್ ಕೀಲಿ ತಿರುಗಿಸಿದ. ಮೊದಲನೇ ತಿರುವಿಗೇ ಹೊತ್ತಿಕೊಂಡಿತು.