ಮೇಷ್ಟ್ರ ಕಾರಿನ ನೆಗ್ಗು

ಡ್ರಾಯಿಂಗ್ ಮೇಷ್ಟ್ರ ಕಾರು ಮನೆ ಮುಂದೆ ತನ್ನ ಪಾಡಿಗೆ ನಿಂತಿತ್ತು. ಬ್ರೆಡ್ಡಿನ ವ್ಯಾನೊಂದು ಬಂದು ಅದರ ಎಡಬಾಗಿಲಿಗೆ ಗುದ್ದಿತು. ಬಾಗಿಲು ನೆಗ್ಗಿ, ತೆರೆಯದಾಯಿತು. ತಪ್ಪು ತನ್ನದೇ ಎಂದು ವ್ಯಾನಿನವನು ಕೂಡಲೇ ಒಪ್ಪಿದ. ಒಪ್ಪದೆ ಕೂತದ್ದು ಅವನ ವಿಮಾ ಕಂಪನಿ. ಅದು ಫೋಟೋ ಕೇಳಿತು, ನಕ್ಷೆ ಕೇಳಿತು, ಆಮೇಲೆ ನಕ್ಷೆಯ ಫೋಟೋ ಕೇಳಿತು. ಅಷ್ಟರಲ್ಲಿ ಮೇಷ್ಟ್ರ ಅತ್ತೆ ಡ್ರೈವರ್ ಸೀಟಿನ ಕಡೆಯಿಂದ ಹತ್ತಿ, ಗೇರು ದಾಟಿ ಆಚೆ ಸೀಟಿಗೆ ಇಳಿಯುವ ವಿದ್ಯೆ ಕಲಿತಿದ್ದರು.

"ಇನ್ನೊಂದ್ಸಲ ಈ ಸರ್ಕಸ್ ಮಾಡ್ಸಿದ್ರೆ ನೋಡಿ ಅಳಿಯಂದ್ರೇ, ಮಗಳನ್ನೂ ಕರ್ಕೊಂಡು ಹೊರಟುಬಿಡ್ತೀನಿ!"

ಇವತ್ತು ಬೆಳಿಗ್ಗೆ ಆ ಕಂಪನಿಯಿಂದ ಶಾಲೆಗೆ ಫೋನ್ ಬಂತು. "ಮೂರು ಗಂಟೆಗೆ ನಮ್ಮ ಸರ್ವೇಯರ್ ಬಾಗಿಲು ನೋಡೋಕೆ ಬರ್ತಾರೆ. ಇವತ್ತು ತಪ್ಪಿದ್ರೆ ಫೈಲು ಮುಚ್ಚಿದ ಹಾಗೆ."

ಮೇಷ್ಟ್ರು ಹಿಗ್ಗಿ ಹೀರೇಕಾಯಾದರು. ಅರ್ಧ ದಿನ ರಜೆ ಗೀಚಿ ಓಡೋಡಿ ಬಂದರೆ, ಕಾರಿನ ಪಕ್ಕ ಎದುರುಮನೆಯ ಪಾತ್ರೆ ಅಂಗಡಿ ಯಜಮಾನರು ಕೈಯಲ್ಲಿ ಮರದ ಕೊಡತಿ ಹಿಡಿದು ನಗುತ್ತಿದ್ದರು. ಬಾಗಿಲು ಹೊಸ ತಟ್ಟೆಯಂತೆ ಸಮವಾಗಿತ್ತು.

"ನಿಮ್ಮತ್ತೆ ಪಾಡು ನೋಡೋಕಾಗ್ಲಿಲ್ಲ ಮೇಷ್ಟ್ರೇ. ಒಂದೇ ಗಂಟೇಲಿ ನೆಗ್ಗು ಮಾಯ! ದುಡ್ಡುಗಿಡ್ಡು ಏನೂ ಬೇಡ."

"ಅಯ್ಯೋ ಯಜಮಾನ್ರೇ, ಅವರು ಬರ್ತಿರೋದೇ ಆ ನೆಗ್ಗು ನೋಡೋಕೆ! ಇದ್ದ ಹಾಗೇ ಮಾಡ್ಕೊಡಿ!"

"ನಲವತ್ತು ವರ್ಷ ನೆಗ್ಗು ತೆಗೆದ ಕೈ ಇದು. ನೆಗ್ಗಿಸೋದು ನನ್ನ ಕಸುಬಲ್ಲ. ಬೇಕಿದ್ರೆ ಕೊಡತಿ ತಗೊಳ್ಳಿ."

ಮಹಡಿ ಮನೆಯ ನರ್ಸಮ್ಮ ಮೇಲಿನಿಂದಲೇ ಕೂಗಿದರು. "ಮೊಣಕಾಲಲ್ಲಿ ಒಂದು ಕೊಡಿ ಮೇಷ್ಟ್ರೇ!" ಮೇಷ್ಟ್ರು ಕೊಟ್ಟರು. ಬಾಗಿಲಿಗೆ ಏನೂ ಆಗಲಿಲ್ಲ. ಮೇಷ್ಟ್ರು ಮಾತ್ರ ಒಂಟಿಕಾಲಿನ ಕೊಕ್ಕರೆಯಾದರು.

ಮೂಲೆಮನೆಯ ನಿವೃತ್ತ ಗುಮಾಸ್ತರು ಕನ್ನಡಕ ಏರಿಸಿ ಮುಂದೆ ಬಂದರು. "ಹಾಗೆಲ್ಲ ಮನಸ್ಸಿಗೆ ಬಂದಂಗೆ ಹೊಡೀಬಾರ್ದು. ಕಳಿಸಿದ ಫೋಟೋ ತೆಗೀರಿ. ಎಲ್ಲಾ ದಾಖಲೆ ಪ್ರಕಾರ ಆಗ್ಬೇಕು."

ಮೇಷ್ಟ್ರಿಗೆ ಜೀವ ಬಂತು. ಜೇಬಿನ ಸೀಮೆಸುಣ್ಣ ತೆಗೆದು, ಫೋಟೋ ನೋಡುತ್ತ ಬಾಗಿಲ ಮೇಲೆ ನೆಗ್ಗಿನ ಅಂಚು ಬರೆದರು. ಆಮೇಲೆ ಕೊಡತಿ ಎತ್ತಿದರು. ಢಣ್!

"ಇನ್ನೂ ಆಳ ಬೇಕು," ಎಂದರು ಗುಮಾಸ್ತರು. "ನೆರಳು ಬೀಳ್ತಿಲ್ಲ."

"ರೀ, ಬಾಗಿಲಿಗೆ ಹೊಡೀತಿದೀರೋ, ನಿಮ್ಮ ಹಣೆಬರಹಕ್ಕೋ?" ಒಳಗಿನಿಂದ ಹೆಂಡತಿ ಕೇಳಿದಳು.

ಮೂರಕ್ಕೆ ಎರಡು ನಿಮಿಷವಿರುವಾಗ ಕೊನೆಯ ಏಟು ಬಿತ್ತು. ಸೀಮೆಸುಣ್ಣ ಒರೆಸಿ, ಕೊಡತಿಯನ್ನು ಕಾರಿನಡಿಗೆ ತಳ್ಳುವುದಕ್ಕೂ ಸರ್ವೇಯರ್ ಸ್ಕೂಟರಿನಿಂದ ಇಳಿಯುವುದಕ್ಕೂ ಸರಿಹೋಯಿತು. ಆತ ಫೋಟೋ ಹಿಡಿದು ಬಗ್ಗಿ ನೋಡಿದ, ಕೂತು ನೋಡಿದ. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದಿತ್ತು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ಅಂದ್ರೆ, ಯಾರೂ ಕೈ ಹಚ್ಚೇ ಇಲ್ವಾ?"

"ಆಣೆ ಮಾಡಿ ಹೇಳ್ತೀನಿ ಸಾರ್," ಮೇಷ್ಟ್ರು ಎದೆ ಉಬ್ಬಿಸಿದರು. "ಒಂದು ಏಟೂ ಬಿದ್ದಿಲ್ಲ."

"ಛೆ! ಫೋಟೋ ನೋಡೇ ನಿಮ್ಮ ಕ್ಲೇಮು ಒಪ್ಪಿದ್ವಲ್ಲ. ರಿಪೇರಿ ಮಾಡ್ಸಿಡಿ, ನಮ್ಮವರು ಬಂದು ನೋಡಿದ ತಕ್ಷಣ ಹಣ ಬರುತ್ತೆ ಅಂತ ಪತ್ರ ಹಾಕಿದ್ವಿ. ಸಿಗ್ಲಿಲ್ವಾ?"

ಹೆಂಡತಿ ಮನೆ ಬಾಗಿಲಿಗೆ ಬಂದಳು. "ಅವರ ಲಕೋಟೆನಾ? ಹೋದ ವಾರವೇ ಬಂತು. ಅವರ ಕಾಗದ ಏನೇ ಬರ್ಲಿ, ಮೊದ್ಲು ಫೈಲಿಗೆ ಸೇರ್ಸು ಅಂದಿದ್ರಲ್ಲ ನೀವು. ಸೇರ್ಸಿದೀನಿ. ಒಡೀಲಿಲ್ಲ."

ಆಣೆ ಮಾಡಿ ಆಗಿತ್ತು. ಬಾಗಿಲು ಒಂದು ಗಂಟೆಯ ಹಿಂದೆ ನೆಟ್ಟಗಿತ್ತು ಎಂದು ಹೇಗೆ ಹೇಳುವುದು? ಮೇಷ್ಟ್ರು ಕಾರಿನಡಿಯ ಕೊಡತಿಯನ್ನು ಕಾಲಲ್ಲೇ ಇನ್ನಷ್ಟು ಒಳಕ್ಕೆ ತಳ್ಳಿದರು.

ಸರ್ವೇಯರ್ 'ರಿಪೇರಿ ಆಗಿಲ್ಲ, ಫೈಲು ಮುಚ್ಚಿದೆ' ಎಂದು ಬರೆದು ಸಹಿ ಹಾಕಿಸಿಕೊಂಡ. ಹೊರಡುವ ಮುನ್ನ ಎರಡೂ ಕೈಯಿಂದ ಮೇಷ್ಟ್ರ ಕೈ ಹಿಡಿದ.

"ಬೇಜಾರಾಗ್ಬೇಡಿ ಮೇಷ್ಟ್ರೇ. ಬೇರೆಯವರಾಗಿದ್ರೆ ಪಕ್ಕದ ಮನೆಯವರ ಕೈಲಿ ಟಕಟಕ ತಟ್ಟಿಸಿ, ರಿಪೇರಿ ಆಯ್ತು ಅಂತ ತೋರಿಸಿ ಹಣ ತಗೊಂಡಿರೋರು. ನಿಮ್ಮಂಥ ಸತ್ಯವಂತರು ಸಿಗೋದು ಬಹಳ ಅಪರೂಪ."