ಆಕಾಶದ ಹಡಗಿನಲ್ಲಿ ಅಳಿಯನ ವಿಚಾರಣೆ

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಹಗುರ. ನಾಯಿಗೆ ಹೆದರುತ್ತೇನೆ, ಹಲ್ಲಿಗೆ ಹೆದರುತ್ತೇನೆ. ಸಿಂದಗಿಗೆ ಹೋಗುವ ಟೆಂಪೋದಲ್ಲಿ ಡ್ರೈವರ್ ಹಿಂದೆ ತಿರುಗಿ ಯಾರೊಂದಿಗಾದರೂ ಮಾತಿಗೆ ತೊಡಗಿದರೆ, ಅವನ ಪರವಾಗಿ ರಸ್ತೆಯನ್ನು ನಾನೇ ನೋಡುತ್ತಾ ಕೂಡುತ್ತೇನೆ. ಧೈರ್ಯವಂತರ ಕಥೆಗಳನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ಕಥೆಗಳನ್ನು ಹೇಳಲು ಬದುಕಿ ಉಳಿದವರು ನನ್ನಂಥವರೇ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಹೊಟ್ಟೆಪಾಡಿಗೆ ನಾನು ವಿಮೆ ಏಜೆಂಟ್. ಕಂಡವರ ಮನೆಗೆ ಹೋಗಿ, ಅವರು ಕೊಟ್ಟ ಚಹ ಕುಡಿದು, 'ನಾಳೆ ನಿಮಗೇನಾದರೂ ಆದರೆ ಹೆಂಡತಿ ಮಕ್ಕಳ ಗತಿಯೇನು?' ಎಂದು ಕೇಳುವುದೇ ನನ್ನ ಉದ್ಯೋಗ. ಕೇಳಿಸಿಕೊಂಡವರು ಹೆದರಿದರೋ ಇಲ್ಲವೋ ತಿಳಿಯದು, ನಾನಂತೂ ಪ್ರತಿ ಸಲವೂ ಹೆದರಿದ್ದೇನೆ. ನನ್ನ ಅತಿ ಒಳ್ಳೆಯ ಗಿರಾಕಿ ನಾನೇ.

ಇಂಥ ನನಗೆ ದೇವರು ಒಬ್ಬಳೇ ಮಗಳನ್ನು ಕೊಟ್ಟ. ಸವಿತಾ ಇಲ್ಲೇ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಮದುವೆಯ ವಯಸ್ಸು ಬಂದಾಗಿನಿಂದ ನನ್ನ ಬಾಕಿ ಹೆದರಿಕೆಗಳೆಲ್ಲ ರಜೆ ಹಾಕಿ ಹೋಗಿ, ಒಂದೇ ಒಂದು ಹೆದರಿಕೆ ಎದೆಯ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಿತು. ಎಂಥವನ ಕೈಗೆ ಕೊಡುತ್ತೇವೋ! ಹೆಣ್ಣು ಕೊಡುವ ಮೊದಲು ಹುಡುಗನ ಊರಿಗೆ ಹೋಗಿ ವಿಚಾರ ಮಾಡಿಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಅದನ್ನು ಹುಡುಗನ ಮನೆಯಲ್ಲಿ ಕೇಳುವಂತಿಲ್ಲ. ಚಹದಂಗಡಿಯಲ್ಲಿ ಕೇಳಬೇಕು, ಕ್ಷೌರದಂಗಡಿಯಲ್ಲಿ ಕೇಳಬೇಕು, ಬಸ್ ಸ್ಟ್ಯಾಂಡಿನಲ್ಲಿ ಕೆಲಸವಿಲ್ಲದವನಂತೆ ನಿಂತು ಕೇಳಬೇಕು. ಹಾಗೆ ಕೇಳಿದರೂ ಒಮ್ಮೊಮ್ಮೆ ಕೇಳಬೇಕಾದದ್ದೇ ಉಳಿದುಬಿಡುತ್ತದೆ. ನಮ್ಮ ಅಕ್ಕನನ್ನು ಮನಗೂಳಿಗೆ ಕೊಡುವಾಗ ಹಿರಿಯರು ಹೊಲ ನೋಡಿದರು, ಮನೆ ನೋಡಿದರು, ಹುಡುಗನ ಹಲ್ಲನ್ನೂ ನೋಡಿದರು. ಮದುವೆಯಾದ ಎರಡನೇ ತಿಂಗಳಲ್ಲಿ ಸಂತೆಗೆ ಹೋದಾಗ ಹೋರಿಯೊಂದು ಹಗ್ಗ ಹರಿದುಕೊಂಡು ಇವರತ್ತಲೇ ನುಗ್ಗಿ ಬಂತಂತೆ. ಅಕ್ಕ ಎರಡೂ ಕೈಯಲ್ಲಿ ಚೀಲ ಹಿಡಿದು ತಿರುಗಿ ನೋಡಿದರೆ ಪಕ್ಕದಲ್ಲಿ ಗಂಡನಿಲ್ಲ! ಆತ ಆಗಲೇ ಅಂಗಡಿಯ ಕಟ್ಟೆ ಏರಿ, ಅಲ್ಲಿಂದ 'ಹುಷಾರ, ಹುಷಾರ' ಎಂದು ಕೂಗುತ್ತಿದ್ದನಂತೆ. ಹೋರಿ ಪಾಪ ಸುಮ್ಮನೆ ಪಕ್ಕದಿಂದ ಹಾದುಹೋಯಿತು. ಆದರೆ ಅಕ್ಕನ ಮನಸ್ಸಿನಲ್ಲಿ ಆತ ಇವತ್ತಿಗೂ ಆ ಕಟ್ಟೆಯಿಂದ ಕೆಳಗಿಳಿದಿಲ್ಲ.

ಮುದ್ದೇಬಿಹಾಳದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಮಲ್ಲಿಕಾರ್ಜುನ, ದನದ ಡಾಕ್ಟರು. ಬಂದು ಹುಡುಗಿಯನ್ನು ನೋಡಿದ, ಉಪ್ಪಿಟ್ಟು ತಿಂದ, ಕಡಿಮೆ ಮಾತಾಡಿದ, ಹೋದ. ಅವರು ಹೋದ ಮೇಲೆ ಮಗಳು ಒಂದೇ ಮಾತು ಹೇಳಿದಳು: "ಅಪ್ಪಾ, ನನಗ ಮನಸ್ಸಿಗೆ ಬಂದಾರ. ನೀ ಈಗ ವಿಚಾರ ಮಾಡಾಕ ಹೋಗಿ ಏನರೆ ಕೆಡಿಸಿ ಬರಬ್ಯಾಡ." ನಾನು ಮರುದಿನವೇ ಮುದ್ದೇಬಿಹಾಳದ ಬಸ್ ಹತ್ತಿದೆ.

ಅಲ್ಲಿ ನಾಲ್ಕು ಚಹ ಕುಡಿದೆ, ಬೇಡದಿದ್ದರೂ ಒಮ್ಮೆ ಕಟಿಂಗ್ ಮಾಡಿಸಿಕೊಂಡೆ. ಎಲ್ಲಿ ಕೇಳಿದರೂ ಹೊಗಳಿಕೆಯೇ. ಗುಟ್ಕಾ ಇಲ್ಲ, ಕುಡಿತ ಇಲ್ಲ, ಕರೆದರೆ ಯಾವ ಹಳ್ಳಿಗಾದರೂ ಹೋಗುತ್ತಾನೆ. ಇಷ್ಟು ಒಳ್ಳೆಯವನಿದ್ದರೆ ನನ್ನಂಥವನಿಗೆ ಅನುಮಾನ ಹೆಚ್ಚೇ. "ಏನರೆ ಒಂದ ಚಟಾ ಇರಬೇಕಲ್ರಿ?" ಎಂದು ಐದನೇ ಚಹದಂಗಡಿಯಲ್ಲಿ ಗೋಗರೆದೆ. ಅಂಗಡಿಯವನಿಗೆ ಕನಿಕರ ಹುಟ್ಟಿರಬೇಕು. ಲೋಟ ತೊಳೆಯುತ್ತಾ ಹೇಳಿದ: "ಐತವಾರ ಮಧ್ಯಾಹ್ನ ಮಾತ್ರ ಯಾರ ಕೈಗೂ ಸಿಗಾಂಗಿಲ್ರಿ ಅವರು. ಫೋನಿನ್ಯಾಗ ಗುಂಡು ಹಾರಸೂ ಆಟಾ ಆಡ್ತಾರ. ಒಂದ ಮಧ್ಯಾಹ್ನಕ್ಕ ನೂರಾರು ಹೆಣಾ ಕೆಡವ್ತಾರಂತ್ರಿ."

ಕುಡಿದ ಐದೂ ಚಹ ಹೊಟ್ಟೆಯಲ್ಲಿ ತಣ್ಣಗಾದವು. ವಾಪಸ್ ಬರುವಾಗ ಬಸವನ ಬಾಗೇವಾಡಿಯವರೆಗೂ ಕಿಟಕಿಯಾಚೆ ನನಗೆ ಹೊಲ ಕಾಣಲಿಲ್ಲ, ಹೆಣಗಳೇ ಕಂಡವು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ಚೇಳನ್ನು ಬರಿಯ ಚಪ್ಪಲಿಯಿಂದ ಹೊಡೆದು, ಅದೇ ಚಪ್ಪಲಿ ಹಾಕಿಕೊಂಡು ಕಾಯಿಪಲ್ಲೆ ತರಲು ಹೋಗುವ ಹೆಂಗಸು ಅವಳು. ಮಗಳು ಮಾತ್ರ ನನ್ನ ಫೋನು ಕಸಿದುಕೊಂಡು ಏನೋ ಒತ್ತಿ ಹಿಂತಿರುಗಿಸಿದಳು. "ಅವರು ಕೊಲ್ಲೂದು ಮನಷ್ಯಾರ್ನ ಅಲ್ಲಪಾ, ಆರು ಕಾಲಿನ ಹುಳಾ. ನೋಡಾಕ ಬಂದಾಗ ಅವರs ಹೇಳ್ಯಾರ. ಅದs ಆಟಾ ನಿನ್ನ ಫೋನಿಗೆ ಹಾಕೇನಿ. ಮೊದಲ ನೀ ಆಡಿ ನೋಡು, ಆಮ್ಯಾಲ ತಪ್ಪ ಹುಡುಕು."

ಆಡಿದೆ. ಒಂದು ವಾರ, ದಿನಾ ಮಧ್ಯಾಹ್ನ ಊಟವಾದ ಮೇಲೆ, ಹೊರಗಿನ ಬಾಗಿಲು ತೆರೆದಿಟ್ಟುಕೊಂಡು, ಹೆಂಡತಿ ಕೂಗಳತೆಯಲ್ಲಿರುವಂತೆ ನೋಡಿಕೊಂಡು ಆಡಿದೆ. ನಕ್ಷತ್ರಗಳ ನಡುವೆ ಎಲ್ಲೋ ಒಂದು ದೊಡ್ಡ ಹಡಗು. ಅದರಲ್ಲಿದ್ದವರೆಲ್ಲ ಏನಾದರೋ ತಿಳಿಯದು. ನೀವೊಬ್ಬರೇ, ಕೈಯಲ್ಲೊಂದು ಬಂದೂಕು, ಬೆನ್ನಿಗೆ ಉಸಿರಿನ ಡಬ್ಬಿ. ನ್ಯಾಯವಾಗಿ ಹೇಳಬೇಕೆಂದರೆ ಆ ಆಟದ ಗುಣಗಳು ದೊಡ್ಡವೇ. ಅದರ ಸದ್ದನ್ನು ಮಾಡಿದವನ ಕೈಗೆ ಬಂಗಾರದ ಕಡಗ ಹಾಕಬೇಕು. ಇಯರ್‌ಫೋನ್ ಹಾಕಿಕೊಂಡರೆ ಹುಳದ ಆರು ಕಾಲುಗಳ ಪೈಕಿ ಯಾವುದು ಮೊದಲು ನೆಲಕ್ಕೆ ಬಿತ್ತು ಎಂಬುದೂ ತಿಳಿಯುತ್ತದೆ, ಅದೂ ಸರಿಯಾಗಿ ನಿಮ್ಮ ಬೆನ್ನ ಹಿಂದೆ. ಎರಡು ಸಲ ನಾನು ನಮ್ಮ ಪಡಸಾಲೆಯಲ್ಲೇ ಹಿಂತಿರುಗಿ ನೋಡಿದ್ದೇನೆ. ಕತ್ತಲೆಯೂ ಖರೇ ಕತ್ತಲೆ. ಬ್ಯಾಟರಿಯ ಬೆಳಕು ಬಿದ್ದಷ್ಟೇ ಜಾಗ ನಿಮ್ಮದು, ಉಳಿದದ್ದೆಲ್ಲ ಅವರದು. ನಡುನಡುವೆ ದೊಡ್ಡ ಕಿಟಕಿಯೊಂದು ಬಂದು, ಅದರಾಚೆ ನೀಲಿಯ ಗ್ರಹವೊಂದು ನಿಧಾನವಾಗಿ ತಿರುಗುತ್ತಿದ್ದರೆ, ಹೆದರಿಕೆಯಲ್ಲೂ ಒಂದು ಕ್ಷಣ ಕೈಮುಗಿಯಬೇಕೆನಿಸುತ್ತದೆ. ಕೈಮುಗಿಯಲು ಹೋಗಿ ಒಮ್ಮೆ ಫೋನು ಬೀಳಿಸಿ ಸತ್ತಿದ್ದೇನೆ.

ದೋಷಗಳೂ ಕಡಿಮೆಯೇನಲ್ಲ. ಅಷ್ಟು ದೊಡ್ಡ ಹಡಗಿನಲ್ಲಿ ದಾರಿ ಕೇಳಲು ಒಂದು ನರಪಿಳ್ಳೆ ಇಲ್ಲ. ನಕಾಶೆಯೇನೋ ಇದೆ, ಅದನ್ನು ತೆರೆದು ನೋಡುವಷ್ಟರಲ್ಲಿ ಹುಳ ನಿಮ್ಮನ್ನು ನೋಡಿರುತ್ತದೆ. ಕೂಡಲು ಒಂದು ಕಟ್ಟೆಯಿಲ್ಲ, ಅಡುಗೆಮನೆಯಂತೂ ಇಲ್ಲವೇ ಇಲ್ಲ. ಇದ್ದವರೆಲ್ಲ ಯಾಕೆ ಓಡಿಹೋದರೆಂಬುದಕ್ಕೆ ಬೇರೆ ಕಾರಣ ಬೇಕೇ? ಬಂದೂಕಿನಲ್ಲಿ ಗುಂಡು ಮುಗಿಯುವುದು ಹುಳ ಮೂಗಿನ ಹತ್ತಿರ ಬಂದಾಗಲೇ. ಕಥೆಯಲ್ಲೂ ಹುರುಳಿಲ್ಲ. ಆ ಹುಳಗಳಿಗೆ ನಮ್ಮ ಮೇಲೆ ಯಾಕೆ ಇಷ್ಟು ಸಿಟ್ಟು ಎಂಬುದನ್ನು ಕೊನೆಯವರೆಗೂ ಯಾರೂ ಹೇಳುವುದಿಲ್ಲ. ಜಗಳಕ್ಕೊಂದು ಕಾರಣವಾದರೂ ಬೇಡವೇ? ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಬಿದ್ದ ಜೊತೆಗಾರನನ್ನು ಕೈಹಿಡಿದು ಎಬ್ಬಿಸುವ ಗುಂಡಿ ಮತ್ತು ಬಾಗಿಲು ಮುಚ್ಚುವ ಗುಂಡಿ ಒಂದರ ಪಕ್ಕದಲ್ಲೊಂದು ಇವೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಆಮೇಲೆ ನಾನು ಇದನ್ನು ನೆಪವಾಗಿ ಹೇಳುವವನಿದ್ದೇನೆ.

ಜೊತೆಗಾರ ಎಂದೆನಲ್ಲ, ಆ ಆಟವನ್ನು ಇಬ್ಬರು ಕೂಡಿಯೂ ಆಡಬಹುದು. ಒಬ್ಬ ಬಿದ್ದರೆ ಇನ್ನೊಬ್ಬ ಬಂದು ಎಬ್ಬಿಸಬೇಕು. ಇದು ತಿಳಿದ ದಿನ ನನ್ನ ತಲೆಯಲ್ಲಿ ದೀಪ ಹತ್ತಿತು. ಅಕ್ಕನ ಗಂಡನ ವಿಷಯದಲ್ಲಿ ಕೇಳಲಾಗದೆ ಹೋದ ಪ್ರಶ್ನೆಯನ್ನು ಇಲ್ಲಿ ಕೇಳಬಹುದಲ್ಲ! ಅಪಾಯ ಬಂದಾಗ ಹುಡುಗ ಕಟ್ಟೆ ಏರುವವನೋ, ಹಿಂತಿರುಗಿ ಬರುವವನೋ? ಮಗಳಿಂದ ಉಪಾಯವಾಗಿ, ಆಟದಲ್ಲಿ ಆತ ಇಟ್ಟುಕೊಂಡ ಹೆಸರು ತಿಳಿದುಕೊಂಡೆ. ಗುರುತು ಸಿಗಬಾರದೆಂದು ನನಗೆ 'ಇಂಡಿ ಹುಲಿ' ಎಂದು ಹೆಸರಿಟ್ಟುಕೊಂಡೆ. ಐತವಾರ ಮಧ್ಯಾಹ್ನ ಜೊತೆಗೆ ಸೇರಿಸಿಕೊಳ್ಳೆಂದು ಕೇಳಿದೆ, ಸೇರಿಸಿಕೊಂಡ. ಕಿವಿಯಲ್ಲಿ ಆತನ ದನಿ ಬಂತು: "ಇಂಡಿ ಹುಲಿ ಅವರs, ನಮಸ್ಕಾರ್ರಿ. ಯಾವೂರು ನಿಮ್ಮದು? ಯಾರ ಪೈಕಿ?"

ಗುಪ್ತ ವಿಚಾರಣೆಗೆ ಹೋದವನು ಇಲ್ಲಿ ಸುಳ್ಳು ಹೇಳಬೇಕಿತ್ತು. ಆದರೆ ಯಾವೂರು, ಯಾರ ಪೈಕಿ ಎಂದು ಕೇಳಿದರೆ ನಮ್ಮ ಜನರ ನಾಲಿಗೆ ತಲೆಯ ಅಪ್ಪಣೆಗೆ ಕಾಯುವುದಿಲ್ಲ. "ಈಗ ಇಂಡಿ ಆತ್ರಿ, ಮೂಲ ಮೋರಟಗಿ. ಇನ್ಸೂರನ್ಸ್ ಚನ್ನಬಸಪ್ಪ ಅಂತಾರ್ರಿ ನನಗ. ಒಬ್ಬಾಕಿ ಮಗಳದಾಳ್ರಿ, ಸವಿತಾ ಅಂತ, ಕಾಲೇಜಿನ್ಯಾಗ ಗಣಿತ ಕಲಸ್ತಾಳ" ಎಂದು ಪೂರ್ತಿ ಒಪ್ಪಿಸಿದ ಮೇಲೆಯೇ ನನ್ನ ಬಾಯಿ ನಿಂತದ್ದು. ಆಮೇಲೆ ಪರದೆಯ ಮೇಲಿನ ಆತನ ಬಾಹ್ಯಾಕಾಶದ ವೀರ ಬಂದೂಕು ಕೆಳಗಿಳಿಸಿ, ನನ್ನ ಮುಂದೆ ಬಂದು, ಎರಡು ಸಲ ಬಗ್ಗಿ ಎದ್ದ. ಬಗ್ಗಿ ಹುಳದ ಏಟು ತಪ್ಪಿಸಿಕೊಳ್ಳಲು ಇರುವ ಗುಂಡಿಯಿಂದ ಹಿರಿಯರಿಗೆ ನಮಸ್ಕಾರ ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ.

ಆಮೇಲಿನ ಅರ್ಧ ಗಂಟೆ ನಾನು ಆತನ ಬೆನ್ನು ಬಿಡಲಿಲ್ಲ. ಆತನ ದನಿಯಲ್ಲಿ ಅವಸರವೇ ಇಲ್ಲ. "ಮನ್ಯಾಗ ಎಲ್ಲಾರೂ ಆರಾಮ್ ಅದಾರಿಲ್ರಿ?" ಎನ್ನುತ್ತಾ ಎಡಗಡೆ ಎರಡು ಹುಳ ಕೆಡವಿದ. ನಾನು ಬಿದ್ದೆ, ಓಡಿ ಬಂದು ಎಬ್ಬಿಸಿದ. ಮತ್ತೆ ಬಿದ್ದೆ, ಮತ್ತೆ ಬಂದ. ಮೂರನೇ ಸಲ ತನ್ನ ಉಸಿರಿನ ಡಬ್ಬಿಯಲ್ಲಿ ಅರ್ಧ ನನಗೆ ಕೊಟ್ಟ. "ಅಂಜಬ್ಯಾಡ್ರಿ, ಸಾವಕಾಶ ಉಸರ ಬಿಡ್ರಿ, ಇಲ್ಲೇ ಅದೇನಿ" ಎಂದು ಆತ ಹೇಳುತ್ತಿದ್ದ ರೀತಿ ಕೇಳಿದರೆ, ಇದೇ ದನಿಯಲ್ಲಿ ಎಷ್ಟೋ ಎಮ್ಮೆಗಳಿಗೆ ಸಮಾಧಾನ ಹೇಳಿರಬೇಕು ಅನ್ನಿಸಿತು. ನನ್ನ ಕಣ್ಣು ತುಂಬಿ ಬಂತು. ಎದೆಯ ಮೇಲಿನ ಚಾಪೆಯನ್ನು ಯಾರೋ ಸುರುಳಿ ಸುತ್ತಿ ಎತ್ತಿಟ್ಟ ಹಾಗಾಯಿತು. ಇವನಿಗೆ ಮಗಳನ್ನು ಕೊಡಬಹುದು, ಕಣ್ಣುಮುಚ್ಚಿ ಕೊಡಬಹುದು ಎಂದುಕೊಂಡೆ.

ಅಷ್ಟರಲ್ಲಿ ದೊಡ್ಡದು ಬಂತು. ಅದರ ಕಾಲುಗಳನ್ನು ನಾನು ಎಣಿಸಲಿಲ್ಲ. ಮೇಲಿನಿಂದ ಇಳಿದದ್ದೇ ಆತನನ್ನು ನೆಲಕ್ಕೆ ಕೆಡವಿತು. ನಾನು ಆಗಲೇ ಸುರಕ್ಷಿತ ಕೋಣೆಯ ಹೊಸ್ತಿಲಲ್ಲಿದ್ದೆ, ಅಂದರೆ ಆತನಿಗಿಂತ ಮುಂದೆ ಓಡಿದ್ದೆ. ಆತ ತೆವಳುತ್ತಾ ನನ್ನತ್ತ ಬರುತ್ತಿದ್ದ. "ಕಾಕಾ, ಒಂದ ಕೈ ಕೊಡ್ರಿ, ಅಷ್ಟ ಸಾಕು, ಎದ್ದ ಬಿಡ್ತೇನಿ" ಎಂದ. ನಾಲ್ಕು ಹೆಜ್ಜೆ ಅಂತರವಿತ್ತು. ನಾನು ಬಾಗಿಲು ಮುಚ್ಚಿದೆ.

ಕಬ್ಬಿಣದ ಬಾಗಿಲಿನ ಸದ್ದನ್ನು ಆ ಆಟ ಮಾಡಿದವರು ಬಹಳ ಚೆನ್ನಾಗಿ ಮೂಡಿಸಿದ್ದಾರೆ. ಗುಂಡಿ ತಪ್ಪಿತು ಎಂದು ಬೇರೆ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ತಪ್ಪಿರಲಿಲ್ಲ. ಎರಡೂ ಗುಂಡಿಗಳನ್ನು ನೋಡಿಯೇ ಬಾಗಿಲಿನದನ್ನು ಒತ್ತಿದ್ದೆ. ಬಾಗಿಲಿನ ಆಚೆಯಿಂದ "ಇರ್ಲಿ ಬಿಡ್ರಿ, ಕಾಕಾ" ಎಂಬ ದನಿ ಒಮ್ಮೆ ಕೇಳಿತು, ಆಮೇಲೆ ನಿಂತಿತು. ಫೋನನ್ನು ದಿಂಬಿನ ಕೆಳಗೆ ತುರುಕಿ, ಹೊರಬಂದು, "ನೆಟ್‌ವರ್ಕ್ ಹೋತು" ಎಂದು ಮನೆಯಲ್ಲಿ ಹೇಳಿದೆ.

ಒಪ್ಪಿಗೆ ತಿಳಿಸಲು ಮುದ್ದೇಬಿಹಾಳದಿಂದ ಸೋಮವಾರ ಬರಬೇಕಿದ್ದ ಫೋನು ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಮಗಳು ಕಾಲೇಜಿನಿಂದ ಬಂದವಳು ಊಟ ಬೇಡವೆಂದಳು. "ಅವರ ಮನ್ಯಾಗ ಬ್ಯಾಡ ಅಂದಿರಬೇಕು" ಎಂದು ಗೋಡೆಗೆ ಹೇಳಿದಳು, ನನಗಲ್ಲ. ಇಷ್ಟು ವರ್ಷ ನಾನು ಹೆದರಿದ್ದೆಲ್ಲ ಆಟದ ಹೆದರಿಕೆ ಎಂದು ಆಗ ತಿಳಿಯಿತು. ನಾಯಿ ಕಚ್ಚಿದರೆ ಸೂಜಿಯಿದೆ, ಟೆಂಪೋ ಉರುಳಿದರೆ ವಿಮೆಯಿದೆ. ತಂದೆಯ ಹೇಡಿತನದಿಂದ ಮಗಳಿಗೆ ಬಂದ ಸಂಬಂಧ ತಪ್ಪಿದರೆ ಯಾವ ಪಾಲಿಸಿ ಕೊಡಲಿ? ಹೋಗಿ ನಿಜ ಹೇಳಿಬಿಡೋಣವೆಂದು ಅವಳ ಕೋಣೆಯ ಬಾಗಿಲವರೆಗೆ ಮೂರು ಸಲ ಹೋದೆ, ಮೂರು ಸಲವೂ ಹೆದರಿ ಹಿಂದೆ ಬಂದೆ.

ಗುರುವಾರ ಮಧ್ಯಾಹ್ನ ಫೋನು ಬಂತು. ಹುಡುಗನ ತಾಯಿ. ಗಿರಿಜಾ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಚ್ಚಿ ನಡುಮನೆಯಲ್ಲಿ ಇಟ್ಟಳು. ನಾನು ಹಿತ್ತಲಿನ ಕಡೆಗೆ ಎದ್ದಿದ್ದೆ, ಮಗಳು ತೋಳು ಹಿಡಿದು ಕೂಡಿಸಿದಳು.

"ಮನ್ಯಾಗ ಹಿರ್ಯಾರು ಊರಾಗ ಇದ್ದಿದ್ದಿಲ್ರಿ, ಅದಕ್ಕ ತಡಾ ಆತು" ಎಂದು ಅವರು ಶುರು ಮಾಡಿದರು. "ನಮ್ಮ ಹುಡಗಾ ಎಲ್ಲಾ ಹೇಳ್ಯಾನ್ರಿ. ತಂದಿಯವರ ಕೂಡ ಆಡಿದ್ನಂತ. ಅಂವ ಬಿದ್ದಾಗ ಅವರು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರಂತ."

ಗಿರಿಜಾ ನನ್ನತ್ತ ನೋಡಿದಳು. ಚೇಳನ್ನೂ ಅವಳು ಹಾಗೆ ನೋಡಿದ್ದು ನಾನು ಕಂಡಿಲ್ಲ. ಮಗಳ ಕೈ ನನ್ನ ತೋಳಿನ ಮೇಲೆ ಹಾಗೇ ಇತ್ತು.

"ಅದಕ್ಕೇನ ಸಿಟ್ಟಿಲ್ರಿ ಅಂವಗ" ಎಂದರು ಆ ತಾಯಿ. "ಹುಡುಗಿ ಒಪ್ಪಿಗಿ ಐತಿ. ಲಗ್ನಾ ನಮ್ಮ ಕಡೆಂದ ಪಕ್ಕಾ. ಆದರ ಜೀವಮಾನದ ಜೋಡಿ ನೋಡ್ರಿ, ಒಂದ ಮಾತ ಕೇಳಿ ಬಿಡವ್ವಾ ಅಂದಾನ. ಹುಡುಗಿ ತಾಯಿ ಮ್ಯಾಲ ಹೋಗ್ಯಾಳೋ, ತಂದಿ ಮ್ಯಾಲ ಹೋಗ್ಯಾಳೋ?"

ಸವಿತಾ ಹುಟ್ಟಿದ ದಿನದಿಂದ ಇವತ್ತಿನವರೆಗೂ ಮೂಗು ನನ್ನದು, ಬುದ್ಧಿ ನನ್ನದು, ಬರವಣಿಗೆ ನನ್ನದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಗಿರಿಜಾ ಬಾಯಿ ತೆರೆಯುವ ಮೊದಲೇ, ಮಗಳು ಉಸಿರು ತೆಗೆದುಕೊಳ್ಳುವ ಮೊದಲೇ, ಫೋನಿನ ಮೇಲೆ ಬಗ್ಗಿ ಓಣಿಗೆಲ್ಲ ಕೇಳುವಂತೆ ನಾನು ಕೂಗಿದೆ: "ತಾಯಿ ಮ್ಯಾಲ್ರಿ! ಪೂರಾ ತಾಯಿ ಮ್ಯಾಲ! ನಂದೇನೂ ಬಂದಿಲ್ರಿ!"